ಪಾರ್ಕಿನ ಬೀಗ ತೆಗೆಸಿ ಸ್ವಾಮಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ನಿಮ್ಮ ಕಚೇರಿಗೆ ಮೂರು ಸಲ ಅರ್ಜಿ ಕೊಟ್ಟೆ. ಮೂರಕ್ಕೂ ಸೀಲ್ ಬಿತ್ತು, ಉತ್ತರ ಮಾತ್ರ ಬರಲಿಲ್ಲ. ಅದಕ್ಕೇ ಈ ಸಲ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ. ನಮ್ಮ ಬಡಾವಣೆಯ ಪಾರ್ಕಿಗೆ ಹಗಲು ಹೊತ್ತು ಬೀಗ ಹಾಕಿಸಬೇಡಿ. ಕಂಬಕ್ಕೆ ಕಟ್ಟಿರುವ ಸ್ಪೀಕರ್ ಇಳಿಸಿ. ಇಷ್ಟೇ.

ಹೋದ ಏಪ್ರಿಲ್‌ನಲ್ಲಿ ನಡೆದದ್ದು ಹೇಳುತ್ತೇನೆ. ನಮ್ಮಮ್ಮನಿಗೆ 78 ವರ್ಷ, ಮಂಡಿನೋವು ಬೇರೆ. ಅವತ್ತು ಕರೆಂಟ್ ಇರಲಿಲ್ಲ. ಶೀಟ್ ಮನೆಯ ಧಗೆ ತಡೆಯಲಾರದೆ ಪಾರ್ಕಿಗೆ ಹೋಗಿ ಮೂಲೆಯ ಹೊಂಗೆ ಮರದ ಕೆಳಗೆ ಕೂತಿದ್ದರು. ಬೆಳಿಗ್ಗೆ ಹತ್ತು ಗಂಟೆಗೆ ವಾಚ್‌ಮನ್ ಬಂದು ಎರಡು ಸಲ ವಿಷಲ್ ಊದಿ, ಬೀಗ ಜಡಿದು ಹೊರಟೇಹೋದ. ಸ್ಪೀಕರ್ ಅಬ್ಬರದಲ್ಲಿ ಅಮ್ಮನಿಗೆ ವಿಷಲ್ ಕೇಳಿಸುವುದು ಎಲ್ಲಿ ಬಂತು? ಹನ್ನೊಂದೂವರೆಗೆ ಸೊಪ್ಪಿನವಳು ಓಡಿಬಂದು, "ಅಣ್ಣಾ, ಅಜ್ಜಿ ಒಳಗೇ ಅವ್ರೆ" ಅಂದಳು. ಹೋಗಿ ನೋಡಿದರೆ ಅಮ್ಮ ಗ್ರಿಲ್ ಹಿಡಿದುಕೊಂಡು ನಿಂತಿದ್ದಾರೆ. ಕೀ ವಾಚ್‌ಮನ್ ಹತ್ತಿರ. ವಾಚ್‌ಮನ್ ಫೋನು ಸ್ವಿಚ್ ಆಫ್. ಗ್ರಿಲ್ ಸಂದಿಯಿಂದ ನೀರಿನ ಬಾಟಲಿ ತೂರಿಸಿ, ಕೊಡೆ ತೂರಿಸಿ, ಒಂದು ಗಂಟೆಗೆ ಬೀಗ ತೆಗೆಸಿದ್ದಾಯಿತು.

ಸಂಜೆ ನಿಮ್ಮ ಕಚೇರಿಗೆ ಬಂದೆ. ಅಲ್ಲಿದ್ದವರು ಕೇಳಿದ್ದು: "ಹತ್ತು ಗಂಟೆ ಮೇಲೆ ಅಜ್ಜಿಗೆ ಪಾರ್ಕಲ್ಲಿ ಏನ್ರೀ ಕೆಲಸ?"

ಏನೂ ಕೆಲಸ ಇಲ್ಲ ಸ್ವಾಮಿ. ಕೆಲಸ ಇಲ್ಲದೆ ಸುಮ್ನೆ ಕೂರೋಕೇ ಅಲ್ವಾ ಪಾರ್ಕ್ ಇರೋದು?

ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ಬೆಂಗಳೂರಿನ ಪಾರ್ಕುಗಳು ತೆರೆದಿರಬೇಕು ಅಂತ 2024ರಲ್ಲಿ ಪಾಲಿಕೆಯೇ ಹೇಳಿತ್ತು. ನಿಮಗೆ ಗೊತ್ತಿಲ್ಲದ್ದೇನಲ್ಲ. ವಸತಿ ಪ್ರದೇಶದಲ್ಲಿ ಹಗಲಿಗೆ ಶಬ್ದದ ಮಿತಿ 55 ಡೆಸಿಬಲ್ ಅನ್ನುವುದೂ, ಪಾರ್ಕುಗಳನ್ನು ಉಳಿಸಲೆಂದೇ ಮಾಡಿದ 1985ರ ಕಾಯ್ದೆಯೂ ಗೊತ್ತು. ಸದಾಶಿವನಗರದಲ್ಲಿ ಪಾರ್ಕ್ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಜನ ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅದು ಆಗದು ಅಂದಿತು. ನಮ್ಮ ಪಾರ್ಕನ್ನು ನೀವು ಯಾರಿಗೂ ಕೊಟ್ಟಿಲ್ಲ, ನಿಜ. ನಮಗೂ ಕೊಟ್ಟಿಲ್ಲ.

ಅನುದಾನ ಬಂದಾಗಲೆಲ್ಲ ಒಳಗೆ ಒಂದೊಂದು ಸಾಮಾನು ಬರುತ್ತದೆ. ಓಪನ್ ಜಿಮ್ ಬಂತು. ನಿಮ್ಮ ಫೋಟೊ ಇರುವ ಆರ್ಚ್ ಬಂತು. ಹುಲ್ಲು ಕಿತ್ತು ಪೇವರ್ ಹಾಕಿದರು. ಹೊಂಗೆಯ ಬುಡಕ್ಕೂ ಕಾಂಡಕ್ಕೆ ತಾಗುವ ಹಾಗೆ ಸಿಮೆಂಟ್ ಬಳಿದಿದ್ದಾರೆ, ಒಂದು ಬೆರಳು ತೂರಿಸುವಷ್ಟೂ ಮಣ್ಣು ಬಿಟ್ಟಿಲ್ಲ. ಬೇರಿಗೂ ಗಾಳಿ, ನೀರು ಬೇಕಲ್ಲ? ಮಳೆ ನೀರೆಲ್ಲ ಗೇಟಿನಿಂದ ರಸ್ತೆಗೆ ಹರಿಯುತ್ತದೆ. ಒಂದು ಕಡೆಯ ಕೊಂಬೆ ಆಗಲೇ ಒಣಗಿದೆ.

1908ರಲ್ಲಿ ಲಾಲ್‌ಬಾಗ್‌ಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್, ಒಂದು ಜಾತಿಯ ಮರ ಹೂ ಉದುರಿಸುವ ಹೊತ್ತಿಗೆ ಇನ್ನೊಂದು ಅರಳಬೇಕು ಅಂತ ಲೆಕ್ಕ ಹಾಕಿ ಈ ಊರಿಗೆ ಮರಗಳನ್ನು ಆರಿಸಿದರು. ಪಾರ್ಕ್ ವಿನ್ಯಾಸ ಅಂದರೆ ಅದು. ಎಲ್ಲಿ ನೆರಳು ಬೀಳುತ್ತದೆ, ಎಲ್ಲಿ ನೀರು ಇಂಗುತ್ತದೆ, ಮುದುಕರು ಎಲ್ಲಿ ಕೂರುತ್ತಾರೆ ಅಂತ ಮೊದಲು ನೋಡಬೇಕು. ನಮ್ಮಲ್ಲಿ ಕಂಟ್ರಾಕ್ಟರ್ ಹತ್ತಿರ ಎಷ್ಟು ಲೋಡ್ ಟೈಲ್ಸ್ ಉಳಿದಿದೆ ಅಂತ ನೋಡುತ್ತಾರೆ.

ಅಮ್ಮ ಈಗ ಪಾರ್ಕಿಗೆ ಹೋಗುವುದಿಲ್ಲ. "ಮತ್ತೆ ಕೂಡಿಹಾಕಿಬಿಟ್ಟರೆ?" ಅನ್ನುತ್ತಾರೆ. ಬಾಗಿಲ ಮೆಟ್ಟಿಲ ಮೇಲೆ ಬೀಸಣಿಗೆ ಹಿಡಿದು ಕೂರುತ್ತಾರೆ. ಎದುರಿಗೇ ಬೀಗ ಹಾಕಿದ ಗೇಟು, ಒಳಗೆ ಖಾಲಿ ಬೆಂಚು. ಯಾರೂ ಇಲ್ಲದ ಪಾರ್ಕಿಗೆ ಸ್ಪೀಕರ್ ಹಾಡುತ್ತಲೇ ಇರುತ್ತದೆ. ಆಫ್ ಮಾಡುವ ಸ್ವಿಚ್ಚೂ ಬೀಗದ ಒಳಗೇ ಇದೆಯಂತೆ!

ದಯವಿಟ್ಟು ಹೊಸದೇನೂ ಕೊಡಬೇಡಿ. ಬೀಗ ತೆಗೆಸಿ. ಸ್ಪೀಕರ್ ಇಳಿಸಿ. ಹೊಂಗೆ ಬುಡದ ಸಿಮೆಂಟ್ ಒಡೆಸಿ. ಬೇಕಿದ್ದರೆ ಅದಕ್ಕೂ ಗುದ್ದಲಿ ಪೂಜೆ ಇಟ್ಟುಕೊಳ್ಳಿ, ಹಾರ ನಾನೇ ತರುತ್ತೇನೆ.

ಇಂತಿ,
ಗೇಟಿನ ಹೊರಗಿನಿಂದ, ನಿಮ್ಮ ಮತದಾರ