ಅಪ್ಪಯ್ಯನ ಮಂಡಿ ಮತ್ತು ತಾನೇ ಕೂಡಿಕೊಳ್ಳುವ ಜೆಲ್

ತೀರ್ಥಹಳ್ಳಿ

ಪ್ರೀತಿಯ ಗೆಳೆಯ,

ಶಿವಮೊಗ್ಗದ ಆಸ್ಪತ್ರೆಗೆ ಹೋಗಿ ನಿನ್ನ ಅಪ್ಪಯ್ಯನನ್ನು ನೋಡಿಕೊಂಡು ಬಂದೆ. ಊಟ ಸೇರುತ್ತಿದೆ. ಮಂಡಿಗಿಂತ ತೋಟಕ್ಕೆ ಕೊಳೆ ಔಷಧಿ ಹೊಡೆಸಿದರೋ ಇಲ್ಲವೋ ಅನ್ನುವ ಚಿಂತೆಯೇ ಅವರಿಗೆ ಜಾಸ್ತಿ.

ಅಪ್ಪಯ್ಯನಿಗೆ ಹಾಕಿದ ಕೃತಕ ಮಂಡಿಗೆ ಸೋಂಕು ತಗುಲಿದೆ, ಅಷ್ಟೊಂದು ಆಂಟಿಬಯೋಟಿಕ್ ಕೊಟ್ಟರೂ ಅದನ್ನೇ ಯಾಕೆ ತೆಗೆಯಬೇಕು ಅಂತ ಕೇಳಿದ್ದೆಯಲ್ಲ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ ಅದು.

ಇಂಪ್ಲಾಂಟ್, ಅಂದರೆ ಒಳಗೆ ಕೂರಿಸಿದ ಆ ಕೃತಕ ಮಂಡಿ, ಬರೀ ಲೋಹ, ಪ್ಲಾಸ್ಟಿಕ್. ಅದರೊಳಗೆ ರಕ್ತ ಹರಿಯುವುದಿಲ್ಲ. ಸ್ಟೆಫೈಲೋಕಾಕಸ್‌ನಂಥ ಬ್ಯಾಕ್ಟೀರಿಯಾ ಅದಕ್ಕೆ ಅಂಟಿಕೊಂಡರೆ ಸುತ್ತ ಲೋಳೆ ಕಟ್ಟಿಕೊಳ್ಳುತ್ತವೆ. ಬಯೋಫಿಲ್ಮ್ ಅನ್ನುವುದು ಇದಕ್ಕೇ. ಮಳೆಗಾಲದಲ್ಲಿ ನಮ್ಮ ಅಂಗಳದ ಹಾಸುಗಲ್ಲಿಗೆ ಹಿಡಿಯುವ ಪಾಚಿ ನೆನಪಿಸಿಕೋ. ಎಷ್ಟು ನೀರು ಸುರಿದರೂ ಹೋಗಲ್ಲ, ಕೆರೆದೇ ತೆಗೆಯಬೇಕು. ಲೋಳೆಯೊಳಗೆ ಸೇರಿದ ಬ್ಯಾಕ್ಟೀರಿಯಾ ಕೆಲವು ಸಲ ಸಾವಿರ ಪಟ್ಟು ಹೆಚ್ಚು ಔಷಧಿಯನ್ನೂ ತಡೆದುಕೊಳ್ಳುತ್ತವೆ. ಅದಕ್ಕೇ ಡಾಕ್ಟರು ಹಳೆಯದನ್ನು ತೆಗೆದು, ಆಂಟಿಬಯೋಟಿಕ್ ಬೆರೆಸಿದ ಮೂಳೆ ಸಿಮೆಂಟ್ ಇಟ್ಟು, ಸೋಂಕು ಹೋದ ಮೇಲೆ ಹೊಸದು ಹಾಕುತ್ತಾರೆ.

ಆ ಲೋಳೆ ಕಟ್ಟಲಿಕ್ಕೇ ಬಿಡಬಾರದು ಅಂತ ಹೊರಟವರ ಕೆಲಸ ಓದುತ್ತಿದ್ದೇನೆ. ಹೈಡ್ರೋಜೆಲ್ ಅಂದರೆ ಬೇಕಾದಷ್ಟು ನೀರು ಹಿಡಿದಿಟ್ಟ ಪಾಲಿಮರ್ (ಉದ್ದ ಸರಪಳಿಯಂಥ ಅಣುಗಳ) ಬಲೆ. 1960ರಲ್ಲಿ ಪ್ರಾಗ್‌ನ ವಿಜ್ಞಾನಿಗಳಾದ ವಿಖ್ಟರ್ಲೆ ಮತ್ತು ಲಿಮ್ ಇಂಥದ್ದೊಂದರ ಬಗ್ಗೆ ಬರೆದರು. ನೀನು ಹಾಕುವ ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಬಂದಿದ್ದು ಅಲ್ಲಿಂದಲೇ. ಈಗ ಸಿಗಡಿ, ಏಡಿ ಚಿಪ್ಪಿನಿಂದ ಮಾಡಿದ ಕೈಟೋಸಾನ್ ಜೊತೆ ರಾಸಾಯನಿಕವಾಗಿ ಸ್ವಲ್ಪ ಬದಲಾಯಿಸಿದ ಡೆಕ್ಸ್‌ಟ್ರಾನ್ ಅನ್ನುವ ಸಕ್ಕರೆಯ ಸರಪಳಿ ಸೇರಿಸಿ, ಆ ಜೆಲ್ಲನ್ನು ಇಂಪ್ಲಾಂಟಿಗೆ ಲೇಪವಾಗಿ ಬಳಿಯುತ್ತಾರೆ. ಕೈಟೋಸಾನ್, ಡೆಕ್ಸ್‌ಟ್ರಾನ್‌ಗಳ ನಡುವಿನ ಬೆಸುಗೆ ಬಿಟ್ಟರೂ ಮತ್ತೆ ಕೂಡುತ್ತದೆ. ಇಂಪ್ಲಾಂಟನ್ನು ಮೂಳೆಗೆ ಬಡಿದು ಕೂರಿಸುವಾಗ ಲೇಪ ಹರಿಯಬಹುದು. ಹರಿದ ಕಡೆ ಬ್ಯಾಕ್ಟೀರಿಯಾಕ್ಕೆ ಜಾಗ ಸಿಕ್ಕಿತು, ಅಲ್ವಾ? ಈ ಜೆಲ್ ಆ ಹರುಕನ್ನು ತಾನೇ ಮುಚ್ಚಿಕೊಳ್ಳುತ್ತದೆ.

ನನಗೆ ತುಂಬ ಹಿಡಿಸಿದ್ದು ಇನ್ನೊಂದು. ಬ್ಯಾಕ್ಟೀರಿಯಾ ಗುಂಪುಗೂಡಿದ ಕಡೆ ಹುಳಿ ಅಂಶ ಹೆಚ್ಚುತ್ತದೆ. ಹುಳಿ ತಾಗಿದರೆ ಅದೇ ಬೆಸುಗೆ ಸಡಿಲವಾಗಿ, ಒಳಗಿಟ್ಟ ಔಷಧಿ ಅಲ್ಲೇ ಹೊರಗೆ ಬರುತ್ತದೆ. ಮೈಗೆಲ್ಲ ಔಷಧಿ ತುಂಬುವ ಬದಲು ಬೇಕಾದ ಜಾಗಕ್ಕೆ, ಬೇಕಾದಾಗ. ಎಷ್ಟು ಚಂದದ ಯೋಚನೆ!

ಆದರೆ ಈ ಕೆಲಸ ಹೆಚ್ಚಾಗಿ ಇನ್ನೂ ಲ್ಯಾಬು, ಇಲಿ, ಮೊಲಗಳ ಹಂತದಲ್ಲೇ ಇದೆ. ಅಪ್ಪಯ್ಯನಿಗೆ ಈ ಸಲ ಅದು ಸಿಗಲ್ಲ. ಅದಕ್ಕಾಗಿ ಆಪರೇಷನ್ ಮುಂದೂಡುವ ಯೋಚನೆ ಖಂಡಿತ ಬೇಡ.

ಅವರ ಶುಗರ್ ಹತೋಟಿಗೆ ಬರಬೇಕು. ಮನೆಗೆ ಬಂದ ಮೇಲೆ ಕೋಲು ಊರಿಕೊಂಡು ತೋಟಕ್ಕೆ ಇಳಿಯುವ ಆಸಾಮಿ ಅವರು. ಉಂಬಳ ಕಚ್ಚಿ ಕೆರೆದ ಗಾಯ ಕೂಡ ಈಗ ಆಗಬಾರದು, ಬ್ಯಾಕ್ಟೀರಿಯಾಕ್ಕೆ ಅದೇ ದಾರಿಯಾಗಬಹುದು. ನಾನು ಹೇಳಿದರೆ ಸುಮ್ನೆ ನಗುತ್ತಾರೆ. ನೀನೇ ಬಂದು ಹೇಳು.

ನಿನ್ನ ಗೆಳೆಯ