ಥೀಸಿಸ್ ಬರೆಸುವ ಮುಂಚೆ ಹುಡುಕೋದನ್ನು ಕಲಿಸಿ

ಮಾನ್ಯ ಸಂಪಾದಕರೇ,

ಪಿ.ಜಿ. ವೈದ್ಯ ವಿದ್ಯಾರ್ಥಿಗಳು ಸಿನಾಪ್ಸಿಸ್ (ಥೀಸಿಸ್‌ಗೆ ಮುಂಚಿನ ರೂಪುರೇಷೆ) ಕೊಡುವ ಸಮಯ ಬಂತೆಂದರೆ ಕಾಲೇಜುಗಳ ಎದುರಿನ ಜೆರಾಕ್ಸ್ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬರೀ ಪ್ರಿಂಟ್ ತೆಗೆಸೋಕೆ ಅಂದುಕೊಳ್ಳಬೇಡಿ. ‘ರೆಫರೆನ್ಸ್ (ಆಧರಿಸಿದ ಲೇಖನಗಳ ಪಟ್ಟಿ) ಹಾಕಿಕೊಡ್ತೀವಿ’ ಎನ್ನುವ ಡಿಟಿಪಿಯವರೂ ಇದ್ದಾರೆ. ವೈದ್ಯಕೀಯ ಕಾಲೇಜೊಂದರಲ್ಲಿ ಗ್ರಂಥಪಾಲಕಿಯಾಗಿದ್ದು ನಿವೃತ್ತಳಾದ ನನಗೆ ಅವರ ಮೇಲೆ ಸಿಟ್ಟಿಲ್ಲ. ನಾವು ಕಲಿಸದೆ ಬಿಟ್ಟಿದ್ದನ್ನು ಅವರು ಮಾರುತ್ತಿದ್ದಾರೆ, ಅಷ್ಟೇ.

ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್‌ನ ಪಬ್‌ಮೆಡ್, ಅಂದರೆ ವೈದ್ಯಕೀಯ ಲೇಖನಗಳನ್ನು ಹುಡುಕುವ ಜಾಲತಾಣ, 1997ರಿಂದ ಎಲ್ಲರಿಗೂ ಉಚಿತ. ಮೂರೂವರೆ ಕೋಟಿಗೂ ಜಾಸ್ತಿ ಲೇಖನಗಳ ವಿವರ ಅದರಲ್ಲಿದೆ. ನಮ್ಮ ಹುಡುಗರು ಒಂದು ಸಾಲು ಟೈಪ್ ಮಾಡಿ, ಮೊದಲ ಪುಟದಲ್ಲಿ ಕಂಡದ್ದನ್ನು ಎತ್ತಿಕೊಂಡು ಎದ್ದು ಹೋಗುತ್ತಾರೆ.

ಮಂಗನ ಕಾಯಿಲೆಯನ್ನೇ ತಗೊಳ್ಳಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ನಮ್ಮದೇ ನೆಲದ ಕಾಯಿಲೆ. ಕಮ್ಯುನಿಟಿ ಮೆಡಿಸಿನ್ ಓದುತ್ತಿದ್ದ ಒಬ್ಬ ಹುಡುಗಿ ಅದರ ಲಸಿಕೆ ಬಗ್ಗೆ ಹುಡುಕುತ್ತಿದ್ದಳು. ‘ಮಂಕಿ ಫೀವರ್ ವ್ಯಾಕ್ಸಿನ್ ಕರ್ನಾಟಕ’ ಎಂದು ಹೊಡೆದಿದ್ದಳು. ಹೆಚ್ಚೇನೂ ಸಿಗಲಿಲ್ಲ. “ಇದರ ಮೇಲೆ ಕೆಲಸಾನೇ ಆಗಿಲ್ಲ ಮೇಡಂ” ಎಂದಳು. ಆಗಿಲ್ಲದೆ ಏನು! ಪಬ್‌ಮೆಡ್‌ನಲ್ಲಿ ಮೆಶ್ ಎಂಬ ವಿಷಯ ಶೀರ್ಷಿಕೆಗಳ ಪಟ್ಟಿ ಇದೆ. ಬರೆದವರು ಕಾಯಿಲೆಯನ್ನು ಯಾವ ಹೆಸರಿನಿಂದಲೇ ಕರೆದಿರಲಿ, ಲೇಖನ ಆ ಒಂದೇ ಶೀರ್ಷಿಕೆಯ ಕೆಳಗೆ ಬಂದು ಸೇರುತ್ತದೆ. ಕ್ಯಾಸನೂರು ಫಾರೆಸ್ಟ್ ಡಿಸೀಸ್‌ಗೂ ಅಲ್ಲಿ ಶೀರ್ಷಿಕೆ ಇದೆ. ಅದನ್ನು ‘ವೈರಲ್ ವ್ಯಾಕ್ಸಿನ್ಸ್’ ಜೊತೆ ‘ಆಂಡ್’ ಹಾಕಿ (ಎರಡೂ ಇರುವ ಲೇಖನ ಬೇಕೆಂದು) ಜೋಡಿಸಿದೆವು. ಎಲ್ಲ ಲೇಖನಗಳಿಗೂ ಮೆಶ್ ಶೀರ್ಷಿಕೆ ಇರುವುದಿಲ್ಲ. ಹಾಗಾಗಿ ಕಾಯಿಲೆಯ ಬೇರೆ ಬೇರೆ ಹೆಸರುಗಳನ್ನು ‘ಆರ್’ ಹಾಕಿ ಲೇಖನದ ತಲೆಬರಹ, ಸಾರಾಂಶಗಳಲ್ಲೂ ಹುಡುಕಿದೆವು. ಈ ಆಂಡ್, ಆರ್‌ಗಳನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಬರೆಯಬೇಕು ಅನ್ನೋದೂ ಬಹಳ ಜನಕ್ಕೆ ಗೊತ್ತಿಲ್ಲ.

ಆಗ ಸಿಕ್ಕಿತು ನೋಡಿ. ರಾಜ್ಯದ ಮೂರು ಜಿಲ್ಲೆಗಳಲ್ಲಿ ನಡೆದ ಲಸಿಕೆ ಪರೀಕ್ಷೆಯ 1994ರ ಲೇಖನ ಬಂತು. 2005ರಿಂದ 2010ರವರೆಗಿನ ಅನುಭವವನ್ನು ಅಳೆದ 2013ರ ಲೇಖನವೂ ಬಂತು. ಎರಡು ಡೋಸ್ ತಗೊಂಡವರಲ್ಲಿ ಲಸಿಕೆಯ ಪರಿಣಾಮ ಶೇ 62.4, ಬೂಸ್ಟರ್ ಕೂಡ ತಗೊಂಡವರಲ್ಲಿ ಶೇ 82.9 ಎಂದು ಅದರಲ್ಲಿದೆ. ಇಷ್ಟನ್ನೂ ನೋಡದೆ ‘ಈ ಬಗ್ಗೆ ಅಧ್ಯಯನಗಳಿಲ್ಲ’ ಎಂದು ಆ ಹುಡುಗಿ ಸಿನಾಪ್ಸಿಸ್ ಬರೆದಿದ್ದರೆ ಗೈಡ್ ಸಹಿ ಹಾಕಿಬಿಡುತ್ತಿದ್ದರೇನೋ.

ಇನ್ನು ರೆಫರೆನ್ಸ್ ಪಟ್ಟಿ. ವೈದ್ಯಕೀಯದಲ್ಲಿ ಜಾಸ್ತಿ ನಡೆಯುವುದು ವ್ಯಾಂಕೂವರ್ ಶೈಲಿ. ಪಠ್ಯದಲ್ಲಿ ಬಂದ ಕ್ರಮದಲ್ಲೇ ನಂಬರ್. ಗೈಡ್ ಕೊನೆ ಗಳಿಗೆಯಲ್ಲಿ ‘ನಂದೊಂದು ಪೇಪರ್ ಇದೆ, ಸೇರಿಸು’ ಅಂತಾರೆ (ಹೇಳೇ ಹೇಳ್ತಾರೆ). ಎಂಟನೆಯ ಜಾಗಕ್ಕೆ ಅದನ್ನು ಹಾಕಿದರೆ ಅಲ್ಲಿಂದ ಮುಂದಿನ ನಂಬರುಗಳೆಲ್ಲ ಬದಲಾಗಬೇಕು. ಕೈಯಲ್ಲಿ ಮಾಡುವವರು ರಾತ್ರಿಯೆಲ್ಲ ಕೂರುತ್ತಾರೆ, ಇಲ್ಲವೇ ಡಿಟಿಪಿ ಅಂಗಡಿಗೆ ಓಡುತ್ತಾರೆ. ಜೊಟೆರೊ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಪಬ್‌ಮೆಡ್‌ನಲ್ಲಿ ಪ್ರತಿ ಲೇಖನಕ್ಕೂ ಇರುವ ಪಿಎಂಐಡಿ ನಂಬರ್ ಕೊಟ್ಟರೆ ಸಾಕು, ವಿವರವನ್ನೆಲ್ಲ ತಾನೇ ತಂದುಕೊಳ್ಳುತ್ತದೆ. ವರ್ಡ್‌ನಲ್ಲಿ ನಂಬರುಗಳನ್ನೂ ತಾನೇ ಸರಿಮಾಡುತ್ತದೆ. ಪತ್ರಿಕೆ ವಾಪಸ್ ಪಡೆದ ಲೇಖನವಾದರೆ ಎಚ್ಚರಿಸುವ ವ್ಯವಸ್ಥೆಯೂ ಇದೆ.

ಈಗ ಎಐ ಬೇರೆ ಬಂದಿದೆ. ಅದು ಕೊಟ್ಟ ಪಟ್ಟಿಗಳನ್ನು ನೋಡಿದ್ದೇನೆ. ಲೇಖಕರು ನಿಜ, ಪತ್ರಿಕೆ ನಿಜ, ಸಂಪುಟ, ಪುಟದ ನಂಬರ್ ಕೂಡ ನಂಬುವ ಹಾಗೇ ಇರುತ್ತದೆ. ಆ ಲೇಖನ ಮಾತ್ರ ಎಲ್ಲೂ ಇಲ್ಲ! ಹುಡುಕೋದು ಕಲಿತವರಿಗೆ ಇದು ಬೇಗ ಗೊತ್ತಾಗುತ್ತದೆ.

‘ಆನ್‌ಲೈನ್ ಕೋರ್ಸ್ ಇದೆಯಲ್ಲ’ ಎನ್ನುವವರಿದ್ದಾರೆ. ಚೆನ್ನೈನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಪಿಡೆಮಿಯಾಲಜಿಯ ಸಂಶೋಧನಾ ಕೋರ್ಸ್ ಪಿ.ಜಿ.ಗಳಿಗೆ ಕಡ್ಡಾಯ. ಒಳ್ಳೆಯ ಕೋರ್ಸೇ. ಆದರೆ ವಿದ್ಯಾರ್ಥಿ ತನ್ನ ವಿಷಯವನ್ನೇ ಹುಡುಕುವಾಗ ಪಕ್ಕದಲ್ಲಿ ಕೂತು, ಎಲ್ಲಿ ದಾರಿ ತಪ್ಪಿತು ಎಂದು ತೋರಿಸುವವರು ಬೇಕಲ್ವಾ? ಆ ಕೆಲಸ ಬಲ್ಲವರು ಕಾಲೇಜಿನಲ್ಲೇ ಇದ್ದಾರೆ. ಆದರೆ ಲೈಬ್ರರಿಯನ್ ಅಂದರೆ ಬೀಗ ತೆಗೆಯುವವರು, ಫೈನ್ ಹಾಕುವವರು ಎಂದೇ ಬಹಳ ಕಡೆ ಲೆಕ್ಕ.

ದುಡ್ಡಿಗೆ ಕೊರತೆಯಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಹೆಲಿನೆಟ್ (ಕಾಲೇಜುಗಳಿಗೆ ಸಂಶೋಧನಾ ಪತ್ರಿಕೆಗಳನ್ನು ಆನ್‌ಲೈನ್‌ನಲ್ಲಿ ಒದಗಿಸುವ ವ್ಯವಸ್ಥೆ) 2003ರಿಂದ ಇದೆ. ಕೇಂದ್ರದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಎತ್ತಿಟ್ಟಿದ್ದಾರೆ. ಸರ್ಕಾರಿ ಸಂಸ್ಥೆಗಳಿಗೆ ಸುಮಾರು 13,000 ಪತ್ರಿಕೆಗಳು ಸಿಗುತ್ತವೆ. ಹುಡುಕಲು ಬಾರದವರಿಗೆ ಇಷ್ಟೆಲ್ಲ ಕೊಂಡುಕೊಟ್ಟು ಏನು ಮಾಡೋದು?

ಮೊದಲ ವರ್ಷದ ಪಿ.ಜಿ.ಗಳಿಗೆ ಸಿನಾಪ್ಸಿಸ್‌ಗೆ ಮುಂಚೆಯೇ ಟೈಮ್‌ಟೇಬಲ್‌ನಲ್ಲಿ ಹುಡುಕೋದನ್ನು ಕಲಿಸಲು ಪೀರಿಯಡ್ ಕೊಡಲಿ, ಅದನ್ನು ಗ್ರಂಥಪಾಲಕರಿಗೇ ವಹಿಸಲಿ. ಸಿನಾಪ್ಸಿಸ್ ಜೊತೆ ಒಂದು ಪುಟ ಕೇಳಲಿ: ಎಲ್ಲಿ ಹುಡುಕಿದಿರಿ, ಯಾವ ದಿನ, ಯಾವ ಪದಗಳಿಂದ, ಎಷ್ಟು ಸಿಕ್ಕವು. ಪಬ್‌ಮೆಡ್‌ನ ಅಡ್ವಾನ್ಸ್ಡ್ ಪುಟದಲ್ಲಿ ಈ ಹುಡುಕಾಟದ ಪಟ್ಟಿ ತಾನಾಗಿ ದಾಖಲಾಗುತ್ತದೆ, ಇಳಿಸಿಕೊಂಡು ಲಗತ್ತಿಸಿದರೆ ಆಯಿತು.

— ನಿವೃತ್ತ ಗ್ರಂಥಪಾಲಕಿ, ಬೆಂಗಳೂರು