ಬೂತ್ ಏಜೆಂಟಾದ ಅಳಿಯನಿಗೆ

ಸಿಂಧನೂರು

ಚಿ. ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ಪಕ್ಷದವರು ನಿನ್ನನ್ನು ಬೂತ್ ಏಜೆಂಟ್ ಮಾಡಿದ ಸುದ್ದಿಯನ್ನು ಅಕ್ಕ ಹೇಳಿದಳು. ಸಂತೋಷವಾಯಿತು. ಓದಿದ ಹುಡುಗರು ರಾಜಕೀಯ ಹೊಲಸು ಎಂದು ದೂರ ನಿಂತರೆ ಆ ಜಾಗಕ್ಕೆ ಬಂದು ಕೂಡುವವರು ಎಂಥವರೆಂದು ನಾನು ಕಂಡಿದ್ದೇನೆ. ಆದರೆ ಮೊನ್ನೆ ಫೋನಿನಲ್ಲಿ ನೀನು ಆಡಿದ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. "ಬೂತಿನಾಗ ಏನರ ಆಗ್ಲಿ ಮಾವ, ಸೋತ್ರ ಕೋರ್ಟ್ ಐತೆಲ್ಲ" ಅಂದೆ. ಅದಕ್ಕೇ ಈ ಕಾಗದ.

ಕೋರ್ಟು ಇದೆ. ಆದರೆ ಚುನಾವಣೆ ನಡೆಯುತ್ತಿರುವಾಗ ಅದು ಕೈ ಹಾಕದಂತೆ ಸಂವಿಧಾನದ 329ನೇ ವಿಧಿಯೇ ತಡೆದಿದೆ. ಫಲಿತಾಂಶ ಬಂದ ಮೇಲೆ 45 ದಿನದೊಳಗೆ ಹೈಕೋರ್ಟಿಗೆ ತಕರಾರು ಅರ್ಜಿ ಹಾಕಬೇಕು, ಹಾಕಿದ ಮೇಲೆ ಸಾಕ್ಷಿ ಒದಗಿಸಬೇಕು. ಆ ಸಾಕ್ಷಿ ಹುಟ್ಟುವುದು ನೀನು ದಿನವಿಡೀ ಕೂಡುವ ಸಾಲಿಯ ಕೋಣೆಯಲ್ಲಿ. ಅಲ್ಲಿ ನೀನು ಕಣ್ಣು ಮುಚ್ಚಿ ಕೂತರೆ ಎಂಥ ದೊಡ್ಡ ವಕೀಲನೂ ಏನು ಮಾಡಿಯಾನು?

ನಿಮ್ಮ ಮಸ್ಕಿ ಕ್ಷೇತ್ರವನ್ನೇ ತಗೋ. 2018ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರ್ವಿಹಾಳರ ಮೇಲೆ ಗೆದ್ದದ್ದು ಬರೀ 213 ಮತಗಳಿಂದ. ಸೋತವರು ಹೈಕೋರ್ಟಿಗೆ ಹೋದರು. ಅದು ಇತ್ಯರ್ಥವಾಗುವ ಮುಂಚೆಯೇ 2019ರ ಜುಲೈನಲ್ಲಿ ಗೆದ್ದವರು ಬೇರೆ ಕೆಲವು ಶಾಸಕರ ಜೊತೆ ರಾಜೀನಾಮೆ ಕೊಟ್ಟರು, ಸಮ್ಮಿಶ್ರ ಸರ್ಕಾರ ಬಿತ್ತು, ಸ್ಪೀಕರ್ 17 ಮಂದಿಯನ್ನು ಅನರ್ಹಗೊಳಿಸಿದರು. ಆ ವರ್ಷ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಅವರು ಚುನಾವಣೆಗೆ ನಿಲ್ಲುವಂತಿಲ್ಲ ಎಂಬ ಭಾಗವನ್ನು ತೆಗೆದುಹಾಕಿತು. ಡಿಸೆಂಬರಿನಲ್ಲಿ 15 ಕಡೆ ಉಪಚುನಾವಣೆ ಆಯಿತು. ಮಸ್ಕಿಗೆ ಆಗಲಿಲ್ಲ, ಹಳೆಯ ತಕರಾರು ಅರ್ಜಿ ಅಡ್ಡ ನಿಂತಿತ್ತು. ಕೊನೆಗೆ ಮತದಾನ ನಡೆದದ್ದು 2021ರ ಏಪ್ರಿಲ್ 17ಕ್ಕೆ.

ಸುಮಾರು ಎರಡು ವರ್ಷ ಒಂದು ತಾಲೂಕಿಗೆ ಶಾಸಕರೇ ಇಲ್ಲ. ಪಾಮನಕಲ್ಲೂರಿನಲ್ಲಿ ರೈತರು ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಧರಣಿ ಕೂತಾಗ ಅವರ ಪರವಾಗಿ ವಿಧಾನಸೌಧದಲ್ಲಿ ಎದ್ದು ನಿಲ್ಲಬೇಕಾದ ಕುರ್ಚಿ ಖಾಲಿ. ಇದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಕೋರ್ಟು ಕಾನೂನಿನ ಪ್ರಶ್ನೆಗಳಿಗೆ ಉತ್ತರ ಕೊಟ್ಟಿತು. ಮಸ್ಕಿಯ ಪ್ರಶ್ನೆಗೆ ಉತ್ತರ ಕೊಡುವುದು ಅದರ ಕೆಲಸವಾಗಿರಲಿಲ್ಲ. ಅದನ್ನು ಮತದಾರರೇ ಕೊಟ್ಟರು. ಅಭ್ಯರ್ಥಿಗಳಿಬ್ಬರೂ ಅಷ್ಟರಲ್ಲಿ ಪಕ್ಷ ಅದಲುಬದಲು ಮಾಡಿಕೊಂಡಿದ್ದರು. 213ರ ಅಂತರ ಇದ್ದಲ್ಲಿ 30 ಸಾವಿರಕ್ಕೂ ಹೆಚ್ಚಿನ ಅಂತರದಿಂದ ತುರ್ವಿಹಾಳರು ಗೆದ್ದರು.

ಇಲ್ಲಿ ಪಕ್ಷಗಳಿಗೂ ಒಂದು ಮಾತು ಕೇಳಬೇಕು, ಎರಡೂ ಪಕ್ಷಗಳಿಗೆ. ನಿನ್ನೆ ಯಾರ ವಿರುದ್ಧ ಮನೆಮನೆ ಅಲೆದು ಮತ ಕೇಳಿದರೋ ಇಂದು ಅವರ ಬಾವುಟ ಹಿಡಿ ಎಂದಾಗ ಕಾರ್ಯಕರ್ತರನ್ನು ಯಾರಾದರೂ ಒಂದು ಮಾತು ಕೇಳಿದರೇ? 1985ರ ಪಕ್ಷಾಂತರ ನಿಷೇಧ ಕಾಯ್ದೆ ಶಾಸಕನನ್ನು ಪಕ್ಷಕ್ಕೆ ಕಟ್ಟಿಹಾಕುತ್ತದೆ. ಟಿಕೆಟ್ ಕೊಡುವ ಮುಂಚೆ ನಿನ್ನಂಥವನನ್ನು ಕೇಳಲೇಬೇಕೆಂದು ಪಕ್ಷವನ್ನು ಕಟ್ಟಿಹಾಕುವ ಕಾಯ್ದೆ ಇಲ್ಲ. ಹಾಗಾಗಿ ಸಭೆಯಲ್ಲಿ ನೀನೇ ಎದ್ದು ಕೇಳಬೇಕು. ಅಭ್ಯರ್ಥಿಯ ಅಫಿಡವಿಟ್ ತರಿಸಿಕೊಂಡು ಓದು. ಅವನ ಆಸ್ತಿ, ಸಾಲ, ಮೇಲಿರುವ ಕೇಸು ಎಲ್ಲಾ ಅದರಲ್ಲಿರುತ್ತವೆ. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆಯೇ ಮತದಾರನಿಗೆ ಆ ಹಕ್ಕು ಬಂದದ್ದು. ಅಲ್ಲಿಯವರೆಗೆ ಯಾವ ಪಕ್ಷವೂ ತಾನಾಗಿ ಅದನ್ನು ಕೊಟ್ಟಿರಲಿಲ್ಲ.

ಇನ್ನೊಂದು. ತೀರ್ಪು ನಿಮ್ಮ ಕಡೆ ಬಂದರೆ ಪಟಾಕಿ, ಬರದಿದ್ದರೆ "ಜಡ್ಜ್ ಮಾರಿಕೊಂಡಾನ" ಅನ್ನುವ ಚಟ ನಿನಗೆ ಹತ್ತಬಾರದು. 1989ರ ಏಪ್ರಿಲಿನಲ್ಲಿ ಆಗಿನ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರು ವಿಧಾನಸಭೆಯಲ್ಲೇ ಬಹುಮತ ತೋರಿಸುತ್ತೇನೆ ಎಂದರೂ ಅವಕಾಶ ಕೊಡದೆ ಅವರ ಸರ್ಕಾರವನ್ನು ವಜಾ ಮಾಡಿದರು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟದ್ದು 1994ರ ಮಾರ್ಚ್ 11ಕ್ಕೆ. ಬೊಮ್ಮಾಯಿಯವರಿಗೆ ಕುರ್ಚಿ ವಾಪಸ್ ಬರಲಿಲ್ಲ. ಆದರೆ ಬಹುಮತದ ಪರೀಕ್ಷೆ ರಾಜಭವನದಲ್ಲಲ್ಲ, ಸದನದಲ್ಲಿ ಆಗಬೇಕೆಂಬ ನಿಯಮ ಗಟ್ಟಿಯಾಯಿತು. 2018ರ ಮೇ ತಿಂಗಳಲ್ಲಿ ರಾಜ್ಯಪಾಲರು ಯಡಿಯೂರಪ್ಪನವರಿಗೆ 15 ದಿನ ಕೊಟ್ಟಾಗ ಸುಪ್ರೀಂ ಕೋರ್ಟ್ ನಡುರಾತ್ರಿ ವಿಚಾರಣೆಗೆ ಕೂತದ್ದು ಆ ನಿಯಮದ ಬಲದಿಂದಲೇ. ಮೇ 19ಕ್ಕೇ ಬಹುಮತ ತೋರಿಸಿ ಎಂದಿತು. 1994ರಲ್ಲಿ ಒಂದು ಪಕ್ಷಕ್ಕೆ ಸಿಹಿಯಾದ ನಿಯಮ ಮುಂದೆ ಇನ್ನೊಂದಕ್ಕೆ ಆಸರೆಯಾಗುತ್ತದೆ. ಬಳ್ಳಾರಿಯ ಗಣಿಯೂ ಹಾಗೆಯೇ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಯವರು, ಕೂಲಿಯವರು ಬಹಳ ಕಷ್ಟಪಟ್ಟರು, ಅದು ಸುಳ್ಳಲ್ಲ. ಆದರೆ ಮತ ಪಡೆದು ಬಂದವರು ಅಕ್ರಮ ಗಣಿಗಾರಿಕೆಯನ್ನು ಹೊತ್ತಿಗೆ ಸರಿಯಾಗಿ ತಡೆದಿದ್ದರೆ ಕೋರ್ಟು ಅಲ್ಲಿಗೆ ಬರುವ ಪ್ರಸಂಗವೇ ಇರುತ್ತಿರಲಿಲ್ಲ.

ಇನ್ನು ನಿನ್ನ ಕೆಲಸಕ್ಕೆ ಬರುತ್ತೇನೆ. ಸಾಲಿ ಮಾಸ್ತರಿಕೆಯಲ್ಲಿದ್ದಾಗ ಚುನಾವಣಾ ಡ್ಯೂಟಿ ಮಾಡಿದವನು ನಾನು, ಅದಕ್ಕೇ ಒತ್ತಿ ಹೇಳುತ್ತೇನೆ. ಮುಂಜಾನೆ ಯಂತ್ರ ಸರಿಯಿದೆಯೇ ಎಂದು ನೋಡುವ ಅಣಕು ಮತದಾನಕ್ಕೆ ತಡ ಮಾಡಬೇಡ. ಕನಿಷ್ಠ 50 ಮತ ಹಾಕಿಸಿ ಲೆಕ್ಕ ತಾಳೆ ನೋಡಿ, ಯಂತ್ರದಲ್ಲಿನ ಆ ಮತಗಳನ್ನು ಅಳಿಸಿ, ಮತ ಯಾರಿಗೆ ಬಿತ್ತೆಂದು ತೋರಿಸುವ ವಿವಿಪ್ಯಾಟ್ ಚೀಟಿಗಳನ್ನು ಹೊರಗೆ ತೆಗೆದ ಮೇಲೆಯೇ ಸಹಿ ಹಾಕು. ಯಂತ್ರದ ನಂಬರು, ಸೀಲಿನ ನಂಬರು ಬರೆದುಕೋ. ಸಂಜೆ ನಮೂನೆ 17ಸಿಯ ಪ್ರತಿ ಕೈಗೆ ಬರದೆ ಕೋಣೆ ಬಿಟ್ಟು ಏಳಬೇಡ. ಎಷ್ಟು ಮತ ಬಿದ್ದವು ಎಂಬುದಕ್ಕೆ ನಿನ್ನ ಪಕ್ಷದ ಕೈಯಲ್ಲಿ ಉಳಿಯುವ ಕಾಗದ ಅದು, ಎಣಿಕೆಯ ದಿನ ತಾಳೆ ನೋಡುವುದೂ ಅದನ್ನೇ. ಎದುರು ಪಕ್ಷದ ಏಜೆಂಟನ ಜೊತೆ ಜಗಳ ಬೇಡ, ಅವನಿಗೂ ಅದೇ ಪ್ರತಿ ಸಿಗಲಿ.

ಹಿಂದಿನ ರಾತ್ರಿ ಯಾರಾದರೂ ಕವರ್ ಹಂಚಲು ಕರೆದರೆ ಹೋಗಬೇಡ. ಎಷ್ಟೇ ದೊಡ್ಡವರು ಕರೆಯಲಿ, ಪಕ್ಷದ ಕೆಲಸ ಎಂದೇ ಹೇಳಲಿ. ಅಭ್ಯರ್ಥಿಯ ಒಪ್ಪಿಗೆಯಿಂದ ಯಾರೇ ಲಂಚ ಹಂಚಿದರೂ ಅವನ ಆಯ್ಕೆಯೇ ರದ್ದಾಗಬಹುದು. ಅದಕ್ಕಿಂತ ಹೆಚ್ಚಾಗಿ, ನಮ್ಮ ಮನೆಯ ಹುಡುಗ ಒಬ್ಬ ಕೂಲಿಯವನ ಮತಕ್ಕೆ ಬೆಲೆ ಕಟ್ಟಿದ ಎಂಬ ಮಾತನ್ನು ನಿಮ್ಮವ್ವ ಕೇಳಬಾರದು.

ಬರುವ ರವಿವಾರ ಬಿಡುವಿದ್ದರೆ ಬಸ್ಸು ಹತ್ತು. 17ಸಿ ಹೇಗೆ ತುಂಬುತ್ತಾರೆಂದು ಕೂತು ತೋರಿಸುತ್ತೇನೆ. ಬರುವಾಗ ನಿನ್ನ ಬೂತಿನ ಮತದಾರರ ಪಟ್ಟಿ ತಗೊಂಡು ಬಾ. ತೀರಿಕೊಂಡವರ ಹೆಸರು ಇನ್ನೂ ಇದ್ದರೆ ಈಗಲೇ ನಮೂನೆ 7 ಕೊಟ್ಟು ತೆಗೆಸೋಣ.

ನಿನ್ನ ಸೋದರಮಾವ